ಸೀಟು ಸರಿಸಬೇಡಿ

"ಯಾವ ಕತ್ತೆ ಇದು, ಹ್ಯಾಂಡ್ ಬ್ರೇಕ್ ಎಳೆದು ಹೋಗಿರೋದು?"

ಗಲ್ಲಿಯಿಂದ ಎದ್ದ ಆ ದನಿ ಮೂರನೇ ಮಹಡಿಯವರೆಗೂ ಬಂತು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಇನಾಸ್‌ಳ ಕೈ ನಿಂತಿತು.

ಕೆಳಗೆ ಎತ್ತರದ ಗಂಡಸೊಬ್ಬ ಪಿಸ್ತಾ ಬಣ್ಣದ ಹಳೆಯ ಕಾರಿಗೆ ಹೆಗಲು ಕೊಟ್ಟು ತಳ್ಳುತ್ತಿದ್ದ. ತೋಳಿನ ತುಂಬ ಗ್ರೀಸು. ಕಾರು ಅಲುಗಲಿಲ್ಲ. ಅದರ ಮೇಲೆ ಮಲಗಿದ್ದ ಬೆಕ್ಕು ಕೂಡ ಏಳಲಿಲ್ಲ.

ಶುಬ್ರಾ ಬಡಾವಣೆಯ ಆ ಗಲ್ಲಿಯಲ್ಲಿ ಜಾಗ ಕಡಿಮೆ, ಕಾರು ಹೆಚ್ಚು. ನಿಲ್ಲಿಸಿ ಹೋಗುವವರು ಗೇರ್ ತೆಗೆದು, ಹ್ಯಾಂಡ್ ಬ್ರೇಕ್ ಇಳಿಸಿ ಹೋಗುತ್ತಾರೆ. ದಾರಿ ಬೇಕಾದವನು ಅಡ್ಡ ಇರುವ ಕಾರನ್ನು ನಾಲ್ಕಡಿ ತಳ್ಳಿ ತನ್ನದನ್ನು ತೆಗೆದುಕೊಳ್ಳುತ್ತಾನೆ. ಬ್ರೇಕ್ ಎಳೆದು ಹೋದವನು ಇಡೀ ಗಲ್ಲಿಯಿಂದ ಬೈಸಿಕೊಳ್ಳುತ್ತಾನೆ.

ಆದರೆ ಈ ಕಾರನ್ನು ಮೂರು ವರ್ಷದಿಂದ ಯಾರೂ ಬೈದಿರಲಿಲ್ಲ. ಎಲ್ಲರೂ ಸುತ್ತಿ ಬಳಸಿ ಹೋಗುತ್ತಿದ್ದರು. ಗಲ್ಲಿಯ ಮೂಲೆಯಲ್ಲಿ ಗ್ಯಾರೇಜು ತೆರೆದು ಇಪ್ಪತ್ತು ದಿನವಾದ ಈ ಮನುಷ್ಯನಿಗೆ ಅದು ಗೊತ್ತಿರಲಿಲ್ಲ.

"ಯಾರದ್ರೀ ಇದು? ಹೇಳಿ, ನಾಲ್ಕು ಮಾತು ಆಡ್ತೀನಿ."

ಇಸ್ತ್ರಿ ಅಂಗಡಿಯವನು ತಲೆ ತಗ್ಗಿಸಿದ. ಕೊನೆಗೆ ನೆಲಮಹಡಿಯ ಕಿಟಕಿಯಲ್ಲಿ ಕುಳಿತು ಬದನೆಕಾಯಿಗೆ ಅಕ್ಕಿ ತುಂಬುತ್ತಿದ್ದ ಮುದುಕಿ ಉಮ್ ರಜಬ್, ಮೆಕ್ಯಾನಿಕ್ಕುಗಳನ್ನು ಎಲ್ಲರೂ ಕರೆಯುವಂತೆ ಅವನನ್ನು ಉಸ್ತಾ ಎಂದು ಕರೆದು ಬಾಯಿ ತೆರೆದಳು.

"ಉಸ್ತಾ, ನಿನ್ನ ಗಂಟಲು ತಗ್ಗಿಸು. ಅದು ಹಾಜಿಮ್‌ನ ಕಾರು. ತೀರಿಕೊಂಡವನು. ಹೆಂಡತಿ ಮೇಲೆ ನಿಂತು ಕೇಳಿಸ್ಕೊಳ್ತಿದ್ದಾಳೆ."

ಅವನು ತಲೆ ಎತ್ತಿದ.

ಇನಾಸ್ ಕೆಳಗೆ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ನೋವೂ ಇರಲಿಲ್ಲ. ಯಾರೂ ಇಲ್ಲದ ಮನೆಯ ಕಿಟಕಿಯ ಹಾಗೆ ಇತ್ತು ಆ ಮುಖ.

ಅವನ ಕೈಗಳು ತಾವಾಗಿ ಕಾರಿನಿಂದ ಹಿಂದೆ ಸರಿದವು.

* * *

ಸಂಜೆಗೂ ಮೊದಲೇ ಇನಾಸ್‌ಳ ಬಾಗಿಲು ತಟ್ಟಿದ ಸದ್ದಾಯಿತು. ಅವನು ಬಾಗಿಲಿಗಿಂತ ಎರಡು ಮೆಟ್ಟಿಲು ಕೆಳಗೆ ನಿಂತಿದ್ದ. ಮುಖ ತೊಳೆದು, ಬೇರೆ ಅಂಗಿ ಹಾಕಿದ್ದ.

"ನಾನು ಮಿದ್ಹತ್. ಗ್ಯಾರೇಜಿನವನು. ಕ್ಷಮೆ ಕೇಳೋಕೆ ಬಂದೆ, ಮೇಡಂ. ಕತ್ತೆ ಅಂದಿದ್ದು ಕಾರಿಗಲ್ಲ, ನಿಲ್ಲಿಸಿದವರಿಗೆ..." ಮಾತು ಅಲ್ಲೇ ತಡವರಿಸಿತು. "ಅಂದ್ರೆ... ಇದು ಇನ್ನೂ ಕೆಟ್ಟದಾಯ್ತು."

ಇನಾಸ್‌ಗೆ ನಗು ಬರುವಂತಾಯಿತು. ಬರಲಿಲ್ಲ. ನಗುವುದಕ್ಕೆ ಮುಖದಲ್ಲಿ ಏನನ್ನು ಸರಿಸಬೇಕು ಎಂಬುದು ಮರೆತುಹೋಗಿತ್ತು.

"ಪರವಾಗಿಲ್ಲ," ಎಂದಳು. "ಇನ್ನು ಒಂದು ವಾರ ಮಾತ್ರ ಅದು ಅಲ್ಲಿರುತ್ತೆ."

"ಗಾಜಿನ ಮೇಲೆ ಹಳದಿ ಚೀಟಿ ನೋಡಿದೆ."

ನಗರಸಭೆಯವರು ಪಾಳುಬಿದ್ದ ವಾಹನಗಳನ್ನು ಎತ್ತಿಸುತ್ತಿದ್ದರು. ಮುಂದಿನ ಗುರುವಾರ ಮಧ್ಯಾಹ್ನದೊಳಗೆ ಕಾರು ತಾನೇ ನಡೆದು ಜಾಗ ಬಿಡದಿದ್ದರೆ ಲಾರಿ ಬರುತ್ತದೆ, ಎತ್ತಿಕೊಂಡು ಹೋಗಿ ಗುಜರಿಗೆ ಹಾಕುತ್ತದೆ.

ಮಿದ್ಹತ್‌ನ ಕಣ್ಣು ಬಾಗಿಲ ಪಕ್ಕದಲ್ಲಿದ್ದ ಒಂದು ಜೊತೆ ಕಂದು ಶೂ ಮೇಲೆ ನಿಂತಿತು. ದೊಡ್ಡ ಶೂ. ಧೂಳಿಲ್ಲದ ಶೂ. ಇವಳು ದಿನಾ ಒರೆಸುತ್ತಾಳೆ ಎಂದುಕೊಂಡ.

"ನಾನು ಸ್ಟಾರ್ಟ್ ಮಾಡಿ ಕೊಡ್ತೀನಿ," ಎಂದ. "ಬೈದ ಬಾಯಿಗೆ ದಂಡ ಅಂದ್ಕೊಳ್ಳಿ."

ಅವಳು ಬಾಗಿ ಆ ಶೂಗಳನ್ನು ಗೋಡೆಗೆ ಒತ್ತಿ ಇಟ್ಟಳು.

"ಒಂದು ಮಾತು. ಡ್ರೈವರ್ ಸೀಟು ಸರಿಸಬೇಡಿ. ಕನ್ನಡೀನೂ ಮುಟ್ಟಬೇಡಿ. ಕೊನೇ ಸಲ ಓಡಿಸಿದ್ದು ಹಾಜಿಮ್. ಅವನು ಎದ್ದು ಹೋದ ಹಾಗೇ ಇದೆ."

"ಮುಟ್ಟಲ್ಲ."

"ಮತ್ತೆ... ನಾಳೆಯಿಂದ ಮೆಟ್ಟಿಲು ಹತ್ತಬೇಡಿ. ಕೀನ ಬಾಲ್ಕನಿಯಿಂದ ಹಗ್ಗದ ಬುಟ್ಟಿಯಲ್ಲಿ ಇಳಿಸ್ತೀನಿ."

ಅವನು ತಲೆಯಾಡಿಸಿದ. ಒಂಟಿ ಹೆಂಗಸಿನ ಬಾಗಿಲಿಗೆ ಹೋಗುವ ಮೆಟ್ಟಿಲನ್ನು ಇಡೀ ಕಟ್ಟಡ ಎಣಿಸುತ್ತದೆ ಎಂಬುದು ಅವನಿಗೂ ಗೊತ್ತಿತ್ತು.

* * *

ಹಾಜಿಮ್ ತೀರಿಕೊಂಡ ಬೆಳಗಿನದು ಇನಾಸ್‌ಗೆ ಸ್ವಲ್ಪವೇ ನೆನಪಿತ್ತು. ಎದೆ ಹಿಡಿದುಕೊಂಡ ಹಾಜಿಮ್. ಮೆಟ್ಟಿಲಿಳಿಯುವಾಗ ಹೆಗಲ ಮೇಲೆ ಅವನ ಭಾರ. ಆಮೇಲೆ ಆಸ್ಪತ್ರೆಯ ಬಿಳಿ ಗೋಡೆ, ತಲೆ ಅಲ್ಲಾಡಿಸಿದ ಡಾಕ್ಟರು. ನಡುವೆ ಯಾವುದೋ ಟ್ಯಾಕ್ಸಿ ಇದ್ದಿರಬೇಕು. ಮರಳಿ ಬರುವಾಗಲೂ ಯಾರೋ ಕರೆತಂದಿರಬೇಕು.

ಒಂದು ಮಾತೂ ಆಡದೆ ಹೋಗಿಬಿಟ್ಟ. ಅದೇ ಅವಳಿಗೆ ಉಳಿದದ್ದು. ಎಂಟು ವರ್ಷ ಜೊತೆಯಲ್ಲಿದ್ದವನು, ಅಡುಗೆಮನೆಯಿಂದ ಹಜಾರಕ್ಕೆ ಬರುವಾಗಲೂ ಏನಾದರೊಂದು ಹೇಳುತ್ತ ಬರುತ್ತಿದ್ದವನು... ಹೋಗುವಾಗ ಏನೂ ಹೇಳಲಿಲ್ಲ.

ಮಾತು ಉಳಿಯಲಿಲ್ಲ, ಸೀಟಾದರೂ ಉಳಿಯಲಿ ಎಂದು ಅವಳು ಆ ಕಾರಿನ ಬಾಗಿಲನ್ನೇ ತೆರೆದಿರಲಿಲ್ಲ.

* * *

ಶುಕ್ರವಾರ ಬುಟ್ಟಿ ಇಳಿಯಿತು. ಅದರಲ್ಲಿ ಕೀ ಒಂದೇ ಇತ್ತು.

ಮಿದ್ಹತ್ ಮೊದಲು ಚಕ್ರಗಳಿಗೆ ಗಾಳಿ ತುಂಬಿದ. ಸತ್ತ ಬ್ಯಾಟರಿ ತೆಗೆದು ತನ್ನದೊಂದನ್ನು ಕೂರಿಸಿದ. ಆಮೇಲೆ ಡ್ರೈವರ್ ಸೀಟಿಗೆ ತನ್ನನ್ನು ತುರುಕಿಕೊಂಡ. ಮೊಣಕಾಲು ಸ್ಟೀರಿಂಗಿಗೆ ತಾಗಿತು, ತಲೆ ಚಾವಣಿಗೆ ತಾಗಿತು.

ಉಮ್ ರಜಬ್ ಕಿಟಕಿಯಿಂದ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಒಂಟೆ ಕೋಳಿಗೂಡಿಗೆ ಹೊಕ್ಕ ಹಾಗಿದೆ. ಸೀಟು ಹಿಂದೆ ಮಾಡ್ಕೊಳ್ಳೋ."

"ಆಗಲ್ಲ, ಹಿರಿಯಮ್ಮ. ಮಾತು ಕೊಟ್ಟಿದೀನಿ."

ಮೇಲೆ ಬಾಲ್ಕನಿಯಲ್ಲಿ ಇನಾಸ್‌ಗೆ ಆ ಮಾತು ಕೇಳಿಸಿತು. ಒಗೆದ ಬಟ್ಟೆಯನ್ನೇ ಅವಳು ಇನ್ನೊಮ್ಮೆ ಹಿಂಡಿದಳು.

ಶನಿವಾರ ಟ್ಯಾಂಕಿನ ಹಳಸಿದ ಪೆಟ್ರೋಲು ಬಸಿದು ಹೊಸದು ಹಾಕಿದ. ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಹ್ಯಾಂಡ್ ಬ್ರೇಕನ್ನು ಬಿಡಿಸಿದ. ಕೀ ತಿರುಗಿಸಿದರೆ ಇಂಜಿನ್ ಗರಗರ ತಿರುಗುತ್ತಿತ್ತು, ಹಿಡಿಯುತ್ತಿರಲಿಲ್ಲ.

ಅವನು ಬಾನೆಟ್ಟಿನ ಮೇಲೆ ಕೈಯಿಟ್ಟು ಮೇಲಕ್ಕೆ ನೋಡಿ ಹೇಳಿದ: "ಮೇಡಂ, ಪೆಟ್ರೋಲು ಬರ್ತಿದೆ. ಗಾಳಿ ಬರ್ತಿದೆ. ಪ್ಲಗ್ಗಿಗೆ ಕಿಡಿ ಬರ್ತಿಲ್ಲ. ಕಳ್ಳರ ಭಯಕ್ಕೆ ಎಲ್ಲಾದ್ರೂ ಗುಟ್ಟಿನ ಸ್ವಿಚ್ ಹಾಕಿಸಿದ್ರಾ? ಹಳೇ ಗಾಡಿಗಳಿಗೆ ಹಾಕಿಸ್ತಾರೆ. ಅದು ಆರಿದ್ರೆ ಏನು ಮಾಡಿದ್ರೂ ಹಿಡಿಯಲ್ಲ."

"ಇಲ್ಲ. ಇದ್ದಿದ್ರೆ ಹಾಜಿಮ್ ನನಗೆ ಹೇಳ್ತಿದ್ದ."

"ನೀವು ಓಡಿಸ್ತಿದ್ರಾ?"

"ಕಲಿಸಿದ್ದ. ಓಡಿಸ್ತಿರಲಿಲ್ಲ... ಭಯ."

ಆ ದಿನ ಬುಟ್ಟಿಯಲ್ಲಿ ಚಹಾ ಇಳಿಯಿತು, ತಟ್ಟೆ ಮುಚ್ಚಿದ ಲೋಟದಲ್ಲಿ. ಬಹುಶಃ ಆ ಮಡಿಸಿದ ಮೊಣಕಾಲುಗಳಿಗಾಗಿ.

"ನಿಮ್ಮ ಕೈಗೆ ಒಳ್ಳೇದಾಗಲಿ," ಎಂದು ಅವನು ಕೂಗಿದ.

ಲೋಟ ಮೇಲೆ ಬಂದಾಗ ತೊಳೆದಿತ್ತು. ಶುಭ್ರವಾದ ಬಟ್ಟೆಯ ತುಂಡಿನಲ್ಲಿ ಸುತ್ತಿತ್ತು.

ಕೆಳಗೆ ಉಮ್ ರಜಬ್‌ಳ ವಿಚಾರಣೆ ನಡೆದಿತ್ತು. "ಹೆಂಡತಿ ಮಕ್ಕಳು?"

"ಮಕ್ಕಳಿಲ್ಲ. ಹೆಂಡತಿ ಇದ್ದಳು. ಈಗ ತಂತಾ ಊರಲ್ಲಿ ಬೇರೆಯವನ ಹೆಂಡತಿ. ಒಳ್ಳೆಯವಳು. ನಾನು ಮಾತಾಡಲ್ಲ ಅಂತ ಬಿಟ್ಟುಹೋದಳು."

"ಈಗ ಚೆನ್ನಾಗಿ ಆಡ್ತೀಯಲ್ಲ."

"ಈಗ ಮನೇಲಿ ಯಾರೂ ಇಲ್ವಲ್ಲ, ಅದಕ್ಕೆ ಬೀದೀಲಿ ಆಡ್ತೀನಿ."

ಇನಾಸ್ ಬಟ್ಟೆಯ ತುಂಡನ್ನು ಮಡಿಸಿದಳು. ಮತ್ತೆ ಬಿಡಿಸಿ ಮಡಿಸಿದಳು. ಅವಳಿಗೂ ಹಾಗೆಯೇ. ಶಾಲೆಯಲ್ಲಿ ಮಕ್ಕಳಿಗೆ ದಿನವಿಡೀ ನದಿ, ಮರಳುಗಾಡು ಎಂದು ಭೂಗೋಳ ಹೇಳಿ ಮನೆಗೆ ಬಂದರೆ, ಬೆಳಗಿನವರೆಗೆ ಆಡಲು ಒಂದು ಮಾತೂ ಇರುತ್ತಿರಲಿಲ್ಲ.

* * *

ಶುಕ್ರವಾರ, ಶನಿವಾರದ ವಾರದ ರಜೆ ಮುಗಿದು ಭಾನುವಾರ ಅವಳು ಶಾಲೆಯಲ್ಲಿದ್ದಾಗ ಮಿದ್ಹತ್ ತಂತಿಯೊಂದರ ಜಾಡು ಹಿಡಿದು ಹೋದ. ಅದು ಸ್ಟೀರಿಂಗಿನ ಕೆಳಗೆ, ಬೂದಿ ತಟ್ಟೆಯ ಹಿಂದೆ ಹೋಗಿ ಮುಗಿಯಿತು. ಅಲ್ಲಿ ಬಟಾಣಿ ಗಾತ್ರದ ಒಂದು ಸ್ವಿಚ್ಚು. ಒತ್ತಿದ. ಕೀ ತಿರುಗಿಸಿದ.

ಇಂಜಿನ್ ಕೆಮ್ಮಿತು, ಹಿಡಿಯಿತು, ಗಲ್ಲಿಯ ತುಂಬ ಹೊಗೆ ತುಂಬಿ ಬೆಕ್ಕು ಓಡಿತು.

ಅವನು ನಕ್ಕ. ಬಿಸಿಲು ತಡೆಯಲೆಂದು ಗಾಜಿನ ಮೇಲಿನ ರೆಕ್ಕೆಯನ್ನು ಇಳಿಸಿದ. ಅದರಿಂದ ಒಂದು ಫೋಟೋ ಮಡಿಲಿಗೆ ಬಿತ್ತು. ಇದೇ ಕಾರಿಗೆ ಒರಗಿ ನಿಂತ ಗಂಡಸು, ಹಾಜಿಮ್ ಇರಬೇಕು. ಕಾರಿನ ಚಾವಣಿ ಅವನ ಎದೆಯವರೆಗೂ ಬಂದಿರಲಿಲ್ಲ.

ಮಿದ್ಹತ್‌ನ ನಗು ಇಳಿಯಿತು.

ಅವನು ತನ್ನ ಮಡಿಸಿದ ಮೊಣಕಾಲು ನೋಡಿಕೊಂಡ. ಕೆಳಕ್ಕೆ ಬಾಗಿದ ಕನ್ನಡಿಯನ್ನು ನೋಡಿದ. ಅದರಲ್ಲಿ ಅವನಿಗೆ ಕಂಡದ್ದು ತನ್ನ ಗದ್ದ ಮಾತ್ರ. ಪಕ್ಕದ ಸೀಟನ್ನು ನೋಡಿದ. ಅದು ಪೂರ್ತಿ ಹಿಂದಕ್ಕೆ ಸರಿದು, ಅರ್ಧ ಮಲಗಿತ್ತು.

ಆ ಎತ್ತರದ ಮನುಷ್ಯ ಕೊನೆಯ ಸಲ ಕುಳಿತದ್ದು ಅಲ್ಲಿ. ಇಲ್ಲಿ, ಈ ಸೀಟಿನಲ್ಲಿ ಕುಳಿತಿದ್ದವಳು ಪುಟ್ಟ ಮೈಕಟ್ಟಿನ ಹೆಂಗಸು. ಗಲ್ಲಿಯವರು ಯಾರೂ ಎಳೆಯದ ಹ್ಯಾಂಡ್ ಬ್ರೇಕನ್ನು, ಕಲಿಸಿಕೊಟ್ಟ ಪಾಠದಂತೆ ಬಲವಾಗಿ ಎಳೆದವಳು. ಗುಟ್ಟಿನ ಸ್ವಿಚ್ಚನ್ನು ಆರಿಸುವುದನ್ನೂ ಮರೆಯದವಳು. ಉಳಿದದ್ದನ್ನೆಲ್ಲ ಮರೆತವಳು...

ಅವನು ಇಂಜಿನ್ ಆರಿಸಿದ. ಸ್ವಿಚ್ಚು ಹಿಂದಕ್ಕೆ ಒತ್ತಿದ. ಫೋಟೋವನ್ನು ಇದ್ದಲ್ಲಿಯೇ ಇಟ್ಟ.

ಇದನ್ನು ಹೇಗೆ ಹೇಳುವುದು? 'ಮೇಡಂ, ನೀವು ಕಾಯ್ದುಕೊಂಡು ಬಂದ ಸೀಟು ನಿಮ್ಮದೇ' ಎಂದು ಬೀದಿಯಲ್ಲಿ ನಿಂತು ಕೂಗುವುದೆ?

ಸೋಮವಾರ ಅವನು ಬಂದ, ಬಾನೆಟ್ ಎತ್ತಿದ, ಶುಭ್ರವಾಗಿದ್ದ ಪ್ಲಗ್ಗನ್ನೇ ಮತ್ತೆ ಒರೆಸಿದ. ಚಹಾ ಇಳಿಯಿತು. ಕುಡಿದ. ಹೇಳಲಿಲ್ಲ.

ಮಂಗಳವಾರವೂ ಬಂದು ಬಾನೆಟ್ ಎತ್ತಿದ.

* * *

"ನಿನ್ನ ಉಸ್ತಾನ ಕೈ ಒಳ್ಳೇದು ಕಣೇ," ಎಂದಳು ಉಮ್ ರಜಬ್, ಶಾಲೆಯಿಂದ ಬಂದ ಇನಾಸ್‌ಳನ್ನು ಕಿಟಕಿಯಲ್ಲೇ ತಡೆದು. "ಭಾನುವಾರ ಅದು ಗುರ್ ಅಂದಾಗ ನನ್ನ ಪಾತ್ರೆಗಳೆಲ್ಲ ನಡುಗಿದವು."

"ಯಾವುದು?"

"ಕಾರು. ನಿನಗೆ ಹೇಳಿಲ್ವಾ?"

ಇನಾಸ್ ಮೆಟ್ಟಿಲು ಹತ್ತಲಿಲ್ಲ. ತಿರುಗಿ ನೇರ ಕಾರಿನ ಬಳಿ ಬಂದಳು. ಮೂರು ವರ್ಷದಲ್ಲಿ ಅವಳು ಅದರ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು.

"ಭಾನುವಾರ ಸ್ಟಾರ್ಟ್ ಆಗಿತ್ತಾ?"

ಮಿದ್ಹತ್ ನೆಟ್ಟಗೆ ನಿಂತ. "ಆಗಿತ್ತು."

"ಮತ್ತೆ ನಿನ್ನೆ, ಇವತ್ತು... ಇಲ್ಲಿ ಏನು ಮಾಡ್ತಿದ್ರಿ?"

ಅವನು ಬಾನೆಟ್ ಇಳಿಸಿದ. ಮುಚ್ಚಿದ.

"ಚಹಾ ಚೆನ್ನಾಗಿತ್ತು, ಅಲ್ವಾ?" ಅವಳ ದನಿ ಏರಲಿಲ್ಲ. ಅದು ಏರಿದ್ದರೆ ಅವನಿಗೆ ಇಷ್ಟು ನೋವಾಗುತ್ತಿರಲಿಲ್ಲ. "ಗಂಡ ಇಲ್ಲದವಳ ಬಾಲ್ಕನಿ ಕೆಳಗೆ ನಿಲ್ಲೋಕೆ ಒಳ್ಳೇ ನೆಪ ಸಿಕ್ಕಿತು ನಿಮಗೆ. ಮೂರು ವರ್ಷ ಈ ಗಲ್ಲಿ ನನ್ನ ಬಗ್ಗೆ ಒಂದು ಮಾತು ಆಡಿರಲಿಲ್ಲ, ಉಸ್ತಾ. ನಾಳೆಯಿಂದ ಆಡ್ತಾರೆ."

"ಹಾಗಲ್ಲ, ಮೇಡಂ."

"ಹೇಗೆ ಮತ್ತೆ?"

ಅವನು ಅವಳನ್ನು ನೋಡಿದ. ಹೇಳಿಬಿಡಬಹುದಿತ್ತು. ಒಂದೇ ವಾಕ್ಯ. ಅವನ ಮರ್ಯಾದೆ ಉಳಿಯುತ್ತಿತ್ತು.

"ಕೀ ತಗೊಳ್ಳಿ," ಎಂದ. "ಗುರುವಾರದೊಳಗೆ ಒಂದು ಸಲ ನೀವೇ ಆ ಸೀಟಲ್ಲಿ ಕೂತು ನೋಡಿ. ಬೇರೆ ಯಾರನ್ನೂ ಕೂರಿಸಬೇಡಿ. ನೀವೇ."

"ನಿಮ್ಮ ಬ್ಯಾಟರಿ ತಗೊಂಡು ಹೋಗಿ."

"ಗುರುವಾರ ಬಂದು ತಗೊಳ್ತೀನಿ."

ಅವನು ಹೋದ ಮೇಲೆ ಗಲ್ಲಿ ಎಂದಿನಂತೆಯೇ ಇತ್ತು. ಅವಳಿಗೆ ಮಾತ್ರ ಯಾರೋ ಎದ್ದು ಹೋದ ಕೋಣೆಯ ಹಾಗೆ ಕಂಡಿತು.

ಬುಧವಾರ ಮಧ್ಯಾಹ್ನ ಅವಳು ಚಹಾ ಮಾಡಿದಳು. ಎರಡು ಲೋಟಕ್ಕೆ ಸುರಿದ ಮೇಲೆ ಗೊತ್ತಾಯಿತು. ಎರಡನೆಯದು ಆರುವುದನ್ನು ನೋಡುತ್ತ ಕುಳಿತಳು.

'ಎಂಥ ಹುಚ್ಚು... ಮೋಸ ಮಾಡಿದವನಿಗೆ ಚಹಾ.'

ಆದರೂ ಒಂದು ಯೋಚನೆ ಮುಳ್ಳಿನಂತೆ ಉಳಿಯಿತು. ಮೋಸ ಮಾಡುವವನು ಮೊಣಕಾಲು ಮಡಿಸಿಕೊಂಡು ಯಾಕೆ ಕೂರುತ್ತಾನೆ? ಅವಳು ಶಾಲೆಯಲ್ಲಿದ್ದಾಗ ಸೀಟು ಸರಿಸಿ, ಮತ್ತೆ ಇದ್ದಲ್ಲಿಗೆ ತಂದಿದ್ದರೆ ಯಾರಿಗೆ ತಿಳಿಯುತ್ತಿತ್ತು?

* * *

ಗುರುವಾರ ಶಾಲೆಗೆ ರಜೆ ಹಾಕಿ ಇನಾಸ್ ಹತ್ತು ಗಂಟೆಗೆ ಕೆಳಗಿಳಿದಳು. ಗಲ್ಲಿಯ ಬಾಯಲ್ಲಿ ಎತ್ತುವ ಲಾರಿ ಬಂದು ನಿಂತಿತ್ತು. ಅದರವರು ತಳ್ಳುಬಂಡಿಯವನಿಂದ ಬೇಯಿಸಿದ ಅವರೆಬೇಳೆ ತುಂಬಿದ ಬನ್ನು ಕೊಂಡು ತಿನ್ನುತ್ತಿದ್ದರು.

ಅವಳು ಕಾರಿನ ಬಾಗಿಲು ತೆರೆದಳು. ಹಾಜಿಮ್‌ನ ಸೀಟು. ಇದರೊಳಗೆ ತಾನು ಸಣ್ಣವಳಾಗಿ ಕಳೆದುಹೋಗುತ್ತೇನೆ, ಕಾಲು ಪೆಡಲಿಗೆ ಎಟುಕುವುದಿಲ್ಲ ಎಂದುಕೊಂಡೇ ಕುಳಿತಳು.

ಎಟುಕಿತು.

ಎರಡೂ ಪಾದ ಅಳತೆ ಮಾಡಿಟ್ಟಂತೆ ಪೆಡಲುಗಳ ಮೇಲೆ ಕುಳಿತವು. ಬೆನ್ನಿಗೆ ಸೀಟು ಸರಿಯಾಗಿ ಆತುಕೊಂಡಿತು. ತಲೆ ಎತ್ತಿದಳು. ಕನ್ನಡಿಯಲ್ಲಿ ಅವಳ ಎರಡು ಕಣ್ಣುಗಳು ನೇರವಾಗಿ ಅವಳನ್ನೇ ನೋಡುತ್ತಿದ್ದವು.

ಹಾಜಿಮ್ ಅವಳಿಗಿಂತ ಒಂದು ಮೊಳ ಎತ್ತರ.

ಅವಳ ಕೈ ತಾನಾಗಿ ಸ್ಟೀರಿಂಗಿನ ಕೆಳಗೆ ಹೋಯಿತು. ಬೂದಿ ತಟ್ಟೆಯ ಹಿಂದೆ. ಬೆರಳಿಗೆ ಬಟಾಣಿ ಗಾತ್ರದ ಏನೋ ಸಿಕ್ಕಿತು. ಟಕ್.

ಆ ಸದ್ದಿನ ಜೊತೆಗೇ ಎಲ್ಲ ಬಂತು.

ಶುಕ್ರವಾರದ ಬೆಳಗು. ಬೀದಿಯಲ್ಲಿ ಒಂದೂ ಟ್ಯಾಕ್ಸಿ ಇಲ್ಲ. ಪಕ್ಕದ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ ಅವನನ್ನು ಮಲಗಿಸಿದ್ದು. ಈ ಸೀಟನ್ನು ಮುಂದೆ ಎಳೆದುಕೊಂಡದ್ದು. ಗೇರಿನ ಮೇಲೆ ಅವಳ ಕೈ, ಅದರ ಮೇಲೆ ಅವನ ತಣ್ಣಗಿನ ಕೈ.

"ನಿಧಾನ. ಕ್ಲಚ್ ಪೂರ್ತಿ ಒತ್ತು. ಹಾಂ... ನೋಡು, ಎಷ್ಟು ಚೆನ್ನಾಗಿ ಓಡಿಸ್ತೀಯ. ಸುಮ್ಮನೆ ಹೆದರ್ತಿದ್ದೆ, ಇನಾಸ್. ನಿನಗೆ ಎಲ್ಲಾ ಬರುತ್ತೆ."

ಆಮೇಲೆ ಅವನು ಕಣ್ಣು ಮುಚ್ಚಿದ್ದ.

ಅವನು ಮಾತಾಡಿದ್ದ. ಮಾತಾಡಿಯೇ ಹೋಗಿದ್ದ.

ಮರಳಿ ಬಂದದ್ದೂ ಅವಳೇ. ಚೀಲದಲ್ಲಿ ಅವನ ಶೂ. ಆ ಶೂ ಮನೆಗೆ ಹೇಗೆ ಬಂತು ಎಂದು ಮೂರು ವರ್ಷ ಒರೆಸುತ್ತ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಇನಾಸ್ ಸ್ಟೀರಿಂಗಿನ ಮೇಲೆ ತಲೆಯಿಟ್ಟಳು. ಅಂದು ಬಾರದ ಅಳು, ನಲವತ್ತನೆಯ ದಿನದ ಪ್ರಾರ್ಥನೆಗೂ ಬಾರದ ಅಳು, ಈಗ ಬಂತು. ಲಾರಿಯವರು ತಿನ್ನುವುದನ್ನು ನಿಲ್ಲಿಸಿದರು. ಉಮ್ ರಜಬ್ ಕಿಟಕಿಯಿಂದ ಕೈ ಬೀಸಿ, ಆಚೆ ನೋಡಿ ಎಂದು ಅವರಿಗೆ ಸನ್ನೆ ಮಾಡಿದಳು.

ಬಹಳ ಹೊತ್ತಿನ ಮೇಲೆ ಕೀ ತಿರುಗಿತು.

* * *

ಮಿದ್ಹತ್ ಒಂದು ಟ್ಯಾಕ್ಸಿಯ ಕೆಳಗೆ ಮಲಗಿದ್ದ. ಇಂಜಿನ್ನಿನ ಸದ್ದು ಕೇಳಿಸಿತು. ಯಾವ ಕಾರೆಂದು ನೋಡಬೇಕಾಗಿರಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಹೊರಗೆ ತೆವಳಿ ಬಂದ.

ಪಿಸ್ತಾ ಬಣ್ಣದ ಕಾರು ಬಾಗಿಲ ಮುಂದೆ ನಡುಗುತ್ತ ನಿಂತಿತ್ತು. ಒಳಗಿದ್ದ ಇನಾಸ್‌ಳ ಕಣ್ಣುಗಳು ಕೆಂಪಾಗಿದ್ದವು. ಮುಖದಲ್ಲಿ ಯಾರೋ ಇದ್ದರು.

"ನಿಮಗೆ ಗೊತ್ತಿತ್ತು," ಎಂದಳು.

"ಸೀಟಿಂದ ಗೊತ್ತಾಯ್ತು."

"ಮಂಗಳವಾರ ಅಷ್ಟು ಅಂದೆ ನಿಮಗೆ... ಯಾಕೆ ಹೇಳಲಿಲ್ಲ?"

ಅವನು ಕೈ ಒರೆಸಿಕೊಂಡ. ಒರೆಸುತ್ತಲೇ ಇದ್ದ.

"ನಾನು ಹೇಳಿದ್ರೆ ನೀವು ಕಾಯ್ತಿದ್ದದ್ದನ್ನ ಕಿತ್ಕೊಂಡ ಹಾಗಾಗ್ತಿತ್ತು, ಮೇಡಂ. ನೀವೇ ಕೂತ್ರೆ ಏನಾದ್ರೂ ಸಿಗುತ್ತೇನೋ ಅಂತ... ಸಿಕ್ತಾ?"

"ಸಿಕ್ಕಿತು." ಅವಳು ಕಣ್ಣೊರೆಸಿಕೊಂಡಳು. "ಅವನು ಮಾತಾಡಿದ್ದ."

ಮಿದ್ಹತ್ ಏನು ಎಂದು ಕೇಳಲಿಲ್ಲ. ಅವನು ಕೇಳದೆ ಇದ್ದದ್ದನ್ನು ಅವಳು ಗಮನಿಸಿದಳು.

"ಸೋಮವಾರ, ಮಂಗಳವಾರ ಬಂದಿದ್ದು ಅದಕ್ಕೊಂದೇ ಅಲ್ಲ," ಎಂದ ಅವನು, ನೆಲ ನೋಡುತ್ತ. "ನೀವು ಅಂದಿದ್ರಲ್ಲಿ ಅರ್ಧ ನಿಜ. ಮೂರನೇ ಮಹಡಿಯಿಂದ ನನಗೆ ಅಂತ ಒಂದು ಲೋಟ ಇಳಿದು ಬರ್ತಿತ್ತು. ಕಾರು ಸರಿಯಾಯ್ತು ಅಂದ್ರೆ ಅದೂ ನಿಲ್ಲುತ್ತೆ ಅಂತ ಗೊತ್ತಿತ್ತು."

ಇಂಜಿನ್ ಒಂದು ಕ್ಷಣ ತಡವರಿಸಿ ಮತ್ತೆ ಸರಿಹೋಯಿತು.

"ಹತ್ತಿ," ಎಂದಳು ಅವಳು. "ತುಂಬಾ ದಿನ ನಿಂತ ಗಾಡಿ, ಒಂದು ಸುತ್ತು ಓಡಬೇಕು. ದಾರೀಲಿ ನಿಂತುಬಿಟ್ರೆ ತಳ್ಳೋರು ಬೇಕಲ್ಲ."

ಅವನು ಪಕ್ಕದ ಬಾಗಿಲು ತೆರೆದು, ಒಳಗೆ ನೋಡಿ ಅಲ್ಲೇ ನಿಂತ. "ಇದು ಅವರು ಕೂತಿದ್ದ ಸೀಟು. ನಾನು ಹಿಂದೆ ಕೂರ್ತೀನಿ."

ಇನಾಸ್ ಆ ಖಾಲಿ ಸೀಟನ್ನು ನೋಡಿದಳು. ಮೂರು ವರ್ಷ ಖಾಲಿಯಿದ್ದದ್ದು ಅದು.

"ಅಲ್ಲೇ ಕೂತ್ಕೊಳ್ಳಿ," ಎಂದಳು ಮೆಲ್ಲಗೆ. "ನಿಮ್ಮ ಕಾಲಿಗೆ ಸರಿಹೋಗುತ್ತೆ."

ಸರಿಹೋಯಿತು.

ಅವರು ಶುಬ್ರಾ ಬೀದಿಯ ಕೊನೆಯವರೆಗೆ ಹೋಗಿ ಬಂದರು. ತಿರುವಿನಲ್ಲಿ ಅವಳು ಗೇರ್ ತಪ್ಪಿಸಿದಾಗ ಅವನು ಹೇಗೆ ಮಾಡಬೇಕೆಂದು ಹೇಳಿಕೊಡಲಿಲ್ಲ. ಎತ್ತುವ ಲಾರಿಯವರು ಹಳದಿ ಚೀಟಿಯ ಕಾರು ತಮ್ಮ ಮುಂದೆಯೇ ಹಾದುಹೋಗುವುದನ್ನು ನೋಡಿ, ಬಾಯಿ ಒರೆಸಿಕೊಂಡು ಲಾರಿ ಹಿಂದೆ ತೆಗೆದರು.

ಗಲ್ಲಿಗೆ ಮರಳಿದಾಗ ಹಳೆಯ ಜಾಗದ ಎದುರು ಬದಿ ಖಾಲಿಯಿತ್ತು. ಅವಳು ಅಲ್ಲಿ ನಿಲ್ಲಿಸಿದಳು.

ಇಬ್ಬರೂ ಇಳಿಯಲಿಲ್ಲ.

"ಇನ್ನು ಕಾರು ಸರಿಯಾಗಿದೆ, ಮೇಡಂ," ಎಂದ ಮಿದ್ಹತ್. "ನಾಳೆಯಿಂದ ನಾನು ಬರೋಕೆ ಕಾರಣ ಇಲ್ಲ." ಅವಳತ್ತ ತಿರುಗಿ ಕೇಳಿದ: "ಕಾರಣ ಇಲ್ದೆ ಬರಬಹುದಾ?"

ಇನಾಸ್ ಕೀ ತೆಗೆದಳು. ಗುಟ್ಟಿನ ಸ್ವಿಚ್ಚನ್ನು ಆರಿಸಿದಳು. ಅವಳ ಕೈ ಅಭ್ಯಾಸದಂತೆ ಹ್ಯಾಂಡ್ ಬ್ರೇಕಿನ ಮೇಲೆ ಹೋಗಿ ನಿಂತಿತು.

"ಬನ್ನಿ. ಉಮ್ ರಜಬ್ ಕಿಟಕಿ ಮುಂದೆ ಕುರ್ಚಿ ಹಾಕ್ತಾಳೆ. ಎಲ್ಲರೂ ನೋಡೋ ಹಾಗೇ ಕೂತು ಕುಡೀರಿ." ಮುಖ ಆಚೆ ತಿರುಗಿಸಿ ಹೇಳಿದಳು: "ಬುಟ್ಟಿ ಇಳಿಸಲ್ಲ. ನಾನೇ ತರ್ತೀನಿ. ಎರಡು ಲೋಟ."

"ಇನಾಸ್..." ಅವನು ಮೊದಲ ಸಲ ಹೆಸರು ಹಿಡಿದು ಕರೆದು, ತಾನೇ ಬೆಚ್ಚಿದ. "ಹ್ಯಾಂಡ್ ಬ್ರೇಕ್ ಎಳೀಲಿಲ್ಲ."

"ಗೊತ್ತು," ಎಂದಳು ಅವಳು, ಅದರ ಮೇಲಿನ ಕೈ ತೆಗೆಯುತ್ತ. "ಇರಲಿ. ತಳ್ಳಿದ್ರೆ ಸರೀಲಿ."